ಕರಿಬೇವಿನ ಹುಳು, ಕೋಲಿನ ನೆರಳು: ಮನೆಯಲ್ಲೇ ಮಕ್ಕಳ ಜೊತೆ ವಿಜ್ಞಾನ

ನಾವಿರುವುದು ಮೈಸೂರಿನಲ್ಲಿ, ಬಾಡಿಗೆ ಮನೆ. ಹಿಂದೆ ಒಂದು ಸಣ್ಣ ಹಿತ್ತಿಲು. ಅಲ್ಲಿ ಒಂದು ಕರಿಬೇವು, ಒಂದು ಕೆಂಪು ದಾಸವಾಳ, ಕುಂಡದಲ್ಲಿ ನಿಂಬೆ, ತುಳಸಿ, ಬಟ್ಟೆ ಒಗೆಯುವ ಕಲ್ಲು. ಮನೆ ಮುಂದೆ ರಸ್ತೆ ಬದಿಗೆ ಒಂದು ಹೊಂಗೆ ಮರ. ಮೇಲೆ ತಾರಸಿ. ನನ್ನ ಮಕ್ಕಳಿಬ್ಬರೂ ನನ್ನ ಜೊತೆ ವಿಜ್ಞಾನ ಕಲಿತದ್ದು ಹೆಚ್ಚು ಕಡಿಮೆ ಇಷ್ಟೇ ಜಾಗದಲ್ಲಿ. ಮಗಳು ಈಗ ಏಳನೇ ತರಗತಿ, ಮಗ ಮೂರನೇ ತರಗತಿ. ಇಬ್ಬರೂ ಶಾಲೆಗೆ ಹೋಗುವವರೇ. ಸಂಜೆ ಅರ್ಧ ಗಂಟೆ, ಭಾನುವಾರ ಬೆಳಿಗ್ಗೆ ಸ್ವಲ್ಪ ಹೊತ್ತು, ಇದು ನಮ್ಮ ಸಮಯ. ನಾನು ಓದಿದ್ದು ಬಿ.ಕಾಂ. ಒಬ್ಬ ಆಡಿಟರ್ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ.

ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಪರೀಕ್ಷೆಗೆ ಚಿಟ್ಟೆಯ ಜೀವನಚಕ್ರ ಬಾಯಿಪಾಠ ಮಾಡುತ್ತಿದ್ದಳು. ಮೊಟ್ಟೆ, ಲಾರ್ವಾ, ಪ್ಯೂಪಾ, ಚಿಟ್ಟೆ. ಬಾಣ ಹಾಕಿ ಚಿತ್ರವನ್ನೂ ನೀಟಾಗಿ ಬರೆದಿದ್ದಳು. ಅದೇ ವಾರ ನಮ್ಮ ಅತ್ತೆ ಒಗ್ಗರಣೆಗೆ ಕರಿಬೇವು ಕೀಳಲು ಹೋದರು. ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅಂತ ಒಂದು ಎಸಳು ಬಿಸಾಡಿದರು. ನೆಲಕ್ಕೆ ಬಿದ್ದ ಮೇಲೆ ಆ ಹಿಕ್ಕೆ ಮೆಲ್ಲಗೆ ನಡೆಯತೊಡಗಿತು! ಮಗಳು ಕೂಗಿ ಕರೆದಳು. ಕಂದು ಬಣ್ಣ, ನಡುವೆ ಬಿಳಿ ಪಟ್ಟೆ, ಮೈಯೆಲ್ಲಾ ಹೊಳಪು. ಅವಳ ಪುಸ್ತಕದ ಲಾರ್ವಾ ಹಸಿರು ಬಣ್ಣದ್ದು. ಇವೆರಡೂ ಒಂದೇ ಅಂತ ಅವಳಿಗೆ ಹೊಳೆಯುವುದಾದರೂ ಹೇಗೆ? ನನಗೂ ಹೊಳೆದಿರಲಿಲ್ಲ. ಸಾಕಿ ನೋಡೋಣ ಅಂದೆ.

ಸಾಕುವುದಕ್ಕೆ ದೊಡ್ಡ ಸಾಮಾನೇನೂ ಬೇಡ. ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿ. ಮೇಲೆ ಹಳೇ ಪಂಚೆಯ ತುಂಡು, ಅದಕ್ಕೊಂದು ರಬ್ಬರ್ ಬ್ಯಾಂಡ್. ಒಳಗೆ ಒಂದು ಚಿಕ್ಕ ಔಷಧಿ ಬಾಟಲಿಯಲ್ಲಿ ನೀರು, ಅದರಲ್ಲಿ ಕರಿಬೇವಿನ ರೆಂಬೆ. ಬಾಟಲಿಯ ಬಾಯಿಗೆ ಹತ್ತಿ ತುರುಕಬೇಕು, ಇಲ್ಲದಿದ್ದರೆ ಹುಳು ನೀರಿಗೆ ಬಿದ್ದು ಸಾಯುತ್ತದೆ. ದಿನಾ ಹಿಕ್ಕೆ ತೆಗೆದು ಒರೆಸಬೇಕು, ಒದ್ದೆ ಇದ್ದರೆ ಬೂಸ್ಟು ಬರುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕೂದಲಿರುವ ಹುಳುವನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಕಂಬಳಿಹುಳು ತಾಗಿದರೆ ಮಕ್ಕಳ ಚರ್ಮ ಊದಿಕೊಳ್ಳುತ್ತದೆ. ಕರಿಬೇವಿನ ಹುಳುವಿಗೆ ಕೂದಲಿಲ್ಲ, ಅದು ಏನೂ ಮಾಡುವುದಿಲ್ಲ.

ಅವತ್ತೇ ಒಂದು ನೋಟ್‌ಬುಕ್ ಮಾಡಿದೆವು. ಲೆಕ್ಕ ಬರೆಯುವವಳ ಅಭ್ಯಾಸ, ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದೆ. ಎಡಗಡೆ ‘ಕಂಡದ್ದು’, ಬಲಗಡೆ ‘ಅಂದುಕೊಂಡದ್ದು’. ಎಡಗಡೆ ಬರೆದದ್ದನ್ನು ಆಮೇಲೆ ಅಳಿಸುವಂತಿಲ್ಲ. ಬಲಗಡೆಯದ್ದನ್ನು ಎಷ್ಟು ಸಲ ಬೇಕಾದರೂ ಹೊಡೆದುಹಾಕಿ ಹೊಸದಾಗಿ ಬರೆಯಬಹುದು. ಈ ಒಂದು ಗೆರೆ ಮಾಡಿದಷ್ಟು ಕೆಲಸವನ್ನು ಬೇರೆ ಯಾವ ಪುಸ್ತಕ, ವಿಡಿಯೋ, ಕಿಟ್ಟೂ ನಮ್ಮ ಮನೆಯಲ್ಲಿ ಮಾಡಲಿಲ್ಲ. ‘ಹುಳುವಿಗೆ ಹೆದರಿಕೆ ಆಯಿತು’ ಅಂತ ಮಗಳು ಎಡಗಡೆ ಬರೆದಿದ್ದಳು. ಹೆದರಿಕೆ ನಿನಗೆ ಕಾಣಿಸಿತಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಬರೆದಳು: ‘ಕಡ್ಡಿ ತಾಗಿಸಿದಾಗ ತಲೆಯ ಹಿಂದಿನಿಂದ ಕವಲಾದ ಕೆಂಪು ಕೊಂಬು ಹೊರಗೆ ಬಂತು. ಕೆಟ್ಟ ವಾಸನೆ ಬಂತು. ಕೊಂಬು ಒಳಗೆ ಹೋಯಿತು.’ ಹೆದರಿಕೆ ಬಲಗಡೆಗೆ ಹೋಯಿತು. ಎಂಟೊಂಬತ್ತು ವರ್ಷದ ಮಗು ಈ ವ್ಯತ್ಯಾಸ ಹಿಡಿದರೆ ಅದು ವಿಜ್ಞಾನದ ಬಾಗಿಲೊಳಗೆ ಕಾಲಿಟ್ಟ ಹಾಗೆ ಅಂತ ನಾನು ನಂಬಿದ್ದೇನೆ.

ಹುಳು ಬೆಳೆದ ಹಾಗೆ ಚರ್ಮ ಕಳಚಿತು, ಕಳಚಿದ್ದನ್ನೇ ತಿಂದಿತು. ಕೊನೆಯ ಸಲ ಕಳಚಿದಾಗ ಹಕ್ಕಿ ಹಿಕ್ಕೆಯ ವೇಷ ಹೋಗಿ ಪೂರ್ತಿ ಹಸಿರಾಯಿತು. ಪುಸ್ತಕದ ಲಾರ್ವಾ ಆಗ ಬಂತು! ಚಿಕ್ಕದಿದ್ದಾಗ ಹಿಕ್ಕೆಯ ಹಾಗೆ, ದೊಡ್ಡದಾದಾಗ ಎಲೆಯ ಹಾಗೆ ಯಾಕೆ ಅಂತ ಬಲಗಡೆಯ ಕಾಲಂ ತುಂಬಿಹೋಯಿತು. ಇಷ್ಟು ದಪ್ಪದ ಹಿಕ್ಕೆ ಇರುವುದಿಲ್ಲ, ಹಕ್ಕಿಗೆ ಅನುಮಾನ ಬರುತ್ತದೆ ಅನ್ನುವುದು ಮಗಳ ಊಹೆ. ಸರಿಯೋ ತಪ್ಪೋ, ಯೋಚನೆಯ ದಾರಿ ಚೆನ್ನಾಗಿದೆ ಅಲ್ವಾ?

ಎಷ್ಟು ತಿನ್ನುತ್ತದೆ ಅನ್ನುವ ಪ್ರಶ್ನೆಗೆ ಗ್ರಾಫ್ ಹಾಳೆ ಬಳಸಿದೆವು. ಬೆಳಿಗ್ಗೆ ಹೊಸ ಎಲೆಗಳನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಮರುದಿನ ಉಳಿದದ್ದನ್ನು ಅದರ ಮೇಲೇ ಇಟ್ಟು ಮತ್ತೆ ಗೆರೆ. ನಡುವಿನ ಚೌಕಗಳನ್ನು ಎಣಿಸಿದರೆ ತಿಂದದ್ದು ಎಷ್ಟು ಅಂತ ಸಿಗುತ್ತದೆ. ಅರ್ಧಕ್ಕಿಂತ ಜಾಸ್ತಿ ಇದ್ದ ಚೌಕ ಒಂದು, ಕಡಿಮೆ ಇದ್ದದ್ದು ಸೊನ್ನೆ. ಮೊದಲ ವಾರವೆಲ್ಲಾ ತಿಂದದ್ದು ಕೊನೆಯ ಒಂದೆರಡು ದಿನ ತಿಂದದ್ದರ ಮುಂದೆ ಏನೇನೂ ಅಲ್ಲ. ವಿಸ್ತೀರ್ಣದ ಪಾಠ ಶಾಲೆಯಲ್ಲಿ ಬರುವ ಹೊತ್ತಿಗೆ ಮಗಳು ಚೌಕ ಎಣಿಸುವುದರಲ್ಲಿ ಪಳಗಿದ್ದಳು.

ಒಂದು ದಿನ ಹುಳು ತಿನ್ನುವುದು ನಿಲ್ಲಿಸಿತು. ಹೊಟ್ಟೆ ಖಾಲಿ ಮಾಡಿಕೊಂಡು ಡಬ್ಬಿಯೆಲ್ಲಾ ಸುತ್ತಿತು. ಆಮೇಲೆ ಕಡ್ಡಿಯೊಂದಕ್ಕೆ ಹಿಂಬದಿ ಅಂಟಿಸಿಕೊಂಡು, ಸೊಂಟದ ಸುತ್ತ ಒಂದು ರೇಷ್ಮೆ ಎಳೆ ಹಾಕಿಕೊಂಡು, ಕಂಬ ಹತ್ತುವವರು ಬೆಲ್ಟಿಗೆ ಒರಗಿದ ಹಾಗೆ ಹಿಂದಕ್ಕೆ ಒರಗಿ ನಿಂತಿತು. ಮರುದಿನಕ್ಕೆ ಪ್ಯೂಪಾ ಆಗಿತ್ತು. ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಗಿನ್ನೂ ಪುಟ್ಟವನಾಗಿದ್ದ ಮಗನಿಗೆ ತಾಳ್ಮೆ ಇರಲಿಲ್ಲ, ಮಗಳು ಬಿಡಲಿಲ್ಲ. ಒಂದು ಬೆಳಿಗ್ಗೆ ಪ್ಯೂಪಾ ಕಪ್ಪಾಗಿ, ಒಳಗಿನ ರೆಕ್ಕೆಯ ಬಿಳಿ ಚುಕ್ಕೆ ಕಂಡಿತು. ಶಾಲೆಗೆ ಹೊರಡುವ ಮುಂಚೆ ಚಿಟ್ಟೆ ಹೊರಬಂತು. ರೆಕ್ಕೆ ಮುದುಡಿತ್ತು, ನೋಡುತ್ತಿದ್ದ ಹಾಗೇ ಅಗಲವಾಯಿತು. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಸಾಲಾಗಿ ಬಿಳಿ ಚುಕ್ಕೆ. ಕಾಮನ್ ಮಾರ್ಮನ್ ಅಂತ ಇದರ ಹೆಸರು. ಹೆಸರನ್ನು ನಾವು ಹುಡುಕಿದ್ದು ಅವತ್ತು. ಅಲ್ಲಿಯವರೆಗೂ ಮಕ್ಕಳ ಪಾಲಿಗೆ ಅದು ಕರಿಬೇವಿನ ಹುಳು ಅಷ್ಟೇ. ಹೆಸರು ಮೊದಲೇ ಹೇಳಿಬಿಟ್ಟಿದ್ದರೆ ಇಷ್ಟು ನೋಡುತ್ತಿದ್ದರು ಅಂತ ನನಗನ್ನಿಸುವುದಿಲ್ಲ. ಹೆಸರು ಗೊತ್ತಾದ ಕೂಡಲೇ ಮಕ್ಕಳಿಗೆ ಎಲ್ಲ ಗೊತ್ತಾಯಿತು ಅನ್ನಿಸಿಬಿಡುತ್ತದೆ. ದೊಡ್ಡವರಿಗೂ ಹಾಗೇ.

ಮುಂದಿನ ಮಳೆಗಾಲದಲ್ಲಿ ಸಾಕಿದ ಹುಳುಗಳಿಂದ ಬೇರೆಯೇ ಒಂದು ಚಿಟ್ಟೆ ಬಂತು. ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆ, ನಡುವೆ ಬಿಳಿ ಮಚ್ಚೆ. ಡಬ್ಬಿ ಅದೇ, ಗಿಡ ಅದೇ. ಮಗಳು ಬಲಗಡೆ ‘ಬೇರೆ ಜಾತಿ’ ಅಂತ ಬರೆದಳು. ನಾವು ಓದಿ ತಿಳಿದುಕೊಂಡಾಗ ಅದೂ ಕಾಮನ್ ಮಾರ್ಮನ್ನೇ! ಈ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೇ ಇರುತ್ತವೆ. ಕೆಲವು ಕಾಮನ್ ರೋಸ್ ಅನ್ನುವ ಬೇರೆ ಚಿಟ್ಟೆಯ ಹಾಗೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನ ಹಾಗೆ ಇರುತ್ತವೆ. ಆ ಎರಡು ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿಯಂಥ ವಿಷದ ಗಿಡ ತಿಂದು ಬೆಳೆಯುತ್ತವೆ, ಹಕ್ಕಿಗೆ ರುಚಿಸುವುದಿಲ್ಲ. ಕರಿಬೇವು ತಿಂದು ಬೆಳೆದ ನಮ್ಮ ಚಿಟ್ಟೆಯಲ್ಲಿ ಆ ವಿಷವಿಲ್ಲ, ಅದು ಬರೀ ವೇಷ. ಒಂದೇ ಜಾತಿಯ ಹೆಣ್ಣುಗಳಿಗೆ ಹೀಗೆ ಬೇರೆ ಬೇರೆ ರೂಪ ಇರುವುದರ ಬಗ್ಗೆ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ 1865ರಲ್ಲೇ ಬರೆದಿದ್ದಾರೆ. ನೂರೈವತ್ತು ವರ್ಷದ ಹಿಂದೆ ಅಷ್ಟು ದೊಡ್ಡ ವಿಜ್ಞಾನಿಯನ್ನು ಕಾಡಿದ ವಿಷಯ ನಮ್ಮ ಒಗ್ಗರಣೆ ಗಿಡದಲ್ಲೇ ಇತ್ತು.

ಎಲ್ಲ ಪ್ಯೂಪಾಗಳಿಂದಲೂ ಚಿಟ್ಟೆ ಬರಲಿಲ್ಲ. ಒಂದು ಪ್ಯೂಪಾ ಬಹಳ ದಿನ ಹಾಗೇ ಇದ್ದು ಕಂದಾಗಿ ಒಣಗಿತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಅದರಲ್ಲೊಂದು ಸೂಜಿ ತೂತು. ಡಬ್ಬಿಯೊಳಗೆ ಎಳ್ಳಿಗಿಂತ ಸಣ್ಣ ಕಣಜಗಳು ಹತ್ತಾರು ಓಡಾಡುತ್ತಿದ್ದವು. ಪ್ಯೂಪಾದೊಳಗೆ ತಾಯಿ ಕಣಜ ಮೊಟ್ಟೆ ಇಟ್ಟಿತ್ತು, ಮರಿಗಳು ಒಳಗಿನಿಂದಲೇ ತಿಂದು ಬೆಳೆದಿದ್ದವು. ಮಗಳು ಅತ್ತಳು. ಕಣಜಗಳನ್ನು ಸಾಯಿಸಬೇಕು ಅಂತ ಮಗನ ಹಟ. ನಾನು ಅವರಿಬ್ಬರನ್ನೂ ಸಮಾಧಾನ ಮಾಡಲು ಹೋಗಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತೆ. ಅತ್ತೆ ಹೇಳಿದರು, “ಇವು ಇಲ್ಲದಿದ್ರೆ ಆ ಹುಳುಗಳೆಲ್ಲಾ ಚಿಟ್ಟೆಯಾಗಿ, ಅಷ್ಟೂ ಮೊಟ್ಟೆ ಇಟ್ಟು, ನಮ್ಮ ಗಿಡದಲ್ಲಿ ಒಂದು ಎಲೆ ಉಳೀತಿತ್ತೇನಮ್ಮಾ?” ಮಗಳು ಕಣ್ಣು ಒರೆಸಿಕೊಂಡು ಲೆಕ್ಕಕ್ಕೆ ಕೂತಳು. ಒಂದು ಚಿಟ್ಟೆ ಐವತ್ತು ಮೊಟ್ಟೆ ಇಟ್ಟರೆ, ಅದರಲ್ಲಿ ಅರ್ಧ ಹೆಣ್ಣಾದರೆ, ಒಂದೂ ಸಾಯದಿದ್ದರೆ… ನಾಲ್ಕನೇ ತಲೆಮಾರಿಗೆ ಸಂಖ್ಯೆ ಎಂಟು ಲಕ್ಷ ತಲುಪುವ ಹತ್ತಿರ ಬಂತು. ಸಂಜೆ ಇಬ್ಬರೂ ಸೇರಿ ಡಬ್ಬಿಯ ಬಟ್ಟೆ ಬಿಚ್ಚಿ ಕಣಜಗಳನ್ನು ಹಿತ್ತಿಲಿಗೆ ಬಿಟ್ಟರು.

ಇನ್ನೊಂದು ಸಣ್ಣ ಆಟ, ಐದು ನಿಮಿಷದ್ದು. ಕರಿಬೇವು, ನಿಂಬೆ, ಬಿಲ್ವ ಈ ಮೂರರ ಎಲೆಯನ್ನೂ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಎಲೆಯಲ್ಲಿ ಬೆಳಕು ತೂರುವ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಹಿಸುಕಿದರೆ ಘಮ್ಮೆನ್ನುವುದು ಅದೇ ಎಣ್ಣೆ. ಮೂರೂ ಒಂದೇ ಕುಟುಂಬದ ಗಿಡಗಳು, ಹಾಗಾಗಿ ನಮ್ಮ ಹುಳು ಮೂರನ್ನೂ ತಿನ್ನುತ್ತದೆ. ದಾಸವಾಳದ ಎಲೆಯಲ್ಲಿ ಈ ಚುಕ್ಕೆ ಇಲ್ಲ. ತಾಯಿ ಚಿಟ್ಟೆ ಹಿತ್ತಿಲಿಗೆ ಬಂದಾಗ ಗಮನಿಸಿದರೆ ಎಲೆ ಎಲೆಯನ್ನೂ ಮುಂಗಾಲಿನಿಂದ ಪಟಪಟ ತಟ್ಟುತ್ತದೆ. ಅದರ ರುಚಿ ತಿಳಿಯುವ ಅಂಗ ಕಾಲಲ್ಲಿದೆ. ತುಳಸಿಯನ್ನು ತಟ್ಟಿ ಬಿಡುತ್ತದೆ, ಕರಿಬೇವನ್ನು ತಟ್ಟಿ ಮೊಟ್ಟೆ ಇಡುತ್ತದೆ.

ದಾಸವಾಳವನ್ನೂ ಬಿಡಲಿಲ್ಲ. ಐದು ಎಸಳಿನ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ (ಬ್ಲೇಡು ನನ್ನ ಕೈಯಲ್ಲಿ) ಭಾಗಗಳನ್ನು ಹಾಳೆಗೆ ಅಂಟಿಸಿದೆವು. ಶಲಾಕಾಗ್ರದ, ಅಂದರೆ ಪರಾಗ ಹಿಡಿಯುವ ಭಾಗದ, ತುದಿಯೂ ಐದು, ಕೆಳಗೆ ಬೀಜ ಕಟ್ಟುವ ಅಂಡಾಶಯದ ಕೋಣೆಗಳೂ ಐದು. ಅದೇ ದಿನ ಹುಳಿಗೆ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಮಗ ಒಂದು ಬಿಲ್ಲೆ ಎತ್ತಿಕೊಂಡು “ಅಮ್ಮಾ, ಇದರಲ್ಲೂ ಐದು!” ಎಂದ. ಬೆಂಡೆ, ದಾಸವಾಳ, ಹತ್ತಿ ಎಲ್ಲ ಒಂದೇ ಮನೆತನದವು. ಸಂತೆಯಲ್ಲಿ ಬೆಂಡೆ ಮಾರುವ ಅಜ್ಜಿಯ ಹತ್ತಿರ ಅದರ ಹೂವು ತರಿಸಿಕೊಂಡು ದಾಸವಾಳದ ಪಕ್ಕ ಇಟ್ಟು ನೋಡಿದೆವು. ಕೆಂಪು ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿದ ನೀರಿಗೆ ನಿಂಬೆರಸ ಹಾಕಿದರೆ ಗುಲಾಬಿಗೆಂಪು, ಅಡುಗೆ ಸೋಡಾ ಹಾಕಿದರೆ ಹಸಿರು. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೂ ಇದೇ ಪಾಠ. ಅದಕ್ಕೆ ನಿಂಬೆರಸ ಹಿಂಡಿ, ಮತ್ತೆ ಹಳದಿಗೆ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲದ ಅಧ್ಯಾಯ ಇದಕ್ಕಿಂತ ಚೆನ್ನಾಗಿ ಶುರುವಾಗಲು ಸಾಧ್ಯವಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ತಾರಸಿಯ ಕೆಲಸ. ಮನೆ ಒರೆಸುವ ಹಳೇ ಕೋಲನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟು, ಮರಳಿನ ಮಟ್ಟದಿಂದ ಸರಿಯಾಗಿ ಒಂದು ಮೀಟರ್ ಇರುವಂತೆ ಮಾಡಿದೆವು. ಬಕೆಟ್ಟಿನ ಎತ್ತರ ಲೆಕ್ಕ ಕೆಡಿಸುತ್ತದೆ ಅಂತ ಆಮೇಲೆ ಅದನ್ನು ಬಿಟ್ಟು, ಹಲಗೆಗೆ ಮೊಳೆ ಹೊಡೆಸಿ ನಿಲ್ಲಿಸಿದೆವು. ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯಾ ಅಂತ ನೋಡುವುದು ಮಗನ ಕೆಲಸ. ಪ್ರಶ್ನೆ ಇಷ್ಟೇ: ನೆರಳು ಯಾವಾಗ ಅತಿ ಚಿಕ್ಕದು? ಮಕ್ಕಳಿಬ್ಬರೂ, ನಾನೂ, 12 ಗಂಟೆಗೆ ಅಂತ ಬಲಗಡೆ ಬರೆದೆವು.

ಅದು ನವೆಂಬರ್ ಮೊದಲ ವಾರ. ಚಿಕ್ಕ ನೆರಳಿನ ಹೊತ್ತಿನಲ್ಲಿ ಉದ್ದ ಬಹಳ ನಿಧಾನಕ್ಕೆ ಬದಲಾಗುತ್ತದೆ, ನಿಮಿಷ ಹಿಡಿಯಲು ಆಗುವುದಿಲ್ಲ. ಅದಕ್ಕೆ ಹಳೆಯ ಒಂದು ಉಪಾಯವಿದೆ. ಕೋಲಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆಯಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಹೋಗುವ ಹೊತ್ತು ಬರೆದುಕೊಳ್ಳಬೇಕು. ಮಧ್ಯಾಹ್ನ ಮತ್ತೆ ಮುಟ್ಟಿ ಹೊರಗೆ ಹೋಗುವ ಹೊತ್ತನ್ನೂ ಬರೆಯಬೇಕು. ಎರಡರ ಸರಿಯಾಗಿ ನಡುವಿನ ಹೊತ್ತೇ ನಮ್ಮ ಊರಿನ ನಿಜವಾದ ನಡುಮಧ್ಯಾಹ್ನ. ಆ ಎರಡು ಗುರುತುಗಳನ್ನು ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಯಜ್ಞವೇದಿಯ ದಿಕ್ಕು ಹಿಡಿಯಲು ಶಂಕು, ಅಂದರೆ ನೆಟ್ಟಗಿನ ಗೂಟ, ನೆಟ್ಟು ಇದೇ ಕ್ರಮ ಮಾಡಬೇಕೆಂದು ವೇದಿಯ ಅಳತೆಯ ಹಳೆಯ ಗ್ರಂಥವಾದ ಕಾತ್ಯಾಯನ ಶುಲ್ಬಸೂತ್ರದಲ್ಲಿದೆ. ನಮಗೆ ಸಿಕ್ಕ ಹೊತ್ತು 12 ಗಂಟೆ 7 ನಿಮಿಷ.

ಏಳು ನಿಮಿಷ ಎಲ್ಲಿಂದ ಬಂತು? ಭಾರತದ ಗಡಿಯಾರವೆಲ್ಲಾ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು ತೋರಿಸುತ್ತದೆ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆ ಅದು. ಮೈಸೂರು ಇರುವುದು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 76.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ಸೂರ್ಯನಿಗೆ 4 ನಿಮಿಷ. ಲೆಕ್ಕ ಹಾಕಿದರೆ ನಮ್ಮ ಮಧ್ಯಾಹ್ನ 23 ನಿಮಿಷ ತಡ ಆಗಬೇಕು. ಮಗಳು ಇದನ್ನು ತಾನೇ ಲೆಕ್ಕ ಹಾಕಿ, “ಅಮ್ಮಾ, ನಮ್ಮ ಅಳತೆ ತಪ್ಪು” ಎಂದಳು. ಅಳತೆ ತಪ್ಪಾದರೆ ಮತ್ತೆ ಮಾಡು ಅಂದೆ. ಡಿಸೆಂಬರ್ ರಜೆಯಲ್ಲಿ ಮಾಡಿದಾಗ 12:20ರ ಆಸುಪಾಸು ಬಂತು. ಫೆಬ್ರವರಿ ನಡುವೆ ಮಾಡಿದಾಗ 12:37! ಪ್ರತಿ ಸಲವೂ ಬೇರೆ. ಮಗಳಿಗೆ ಸಿಟ್ಟು ಬಂತು. ಆದರೂ ಎಡಗಡೆಯದ್ದನ್ನು ಅಳಿಸಲಿಲ್ಲ.

ಅಳಿಸದೇ ಇದ್ದದ್ದು ಒಳ್ಳೆಯದಾಯಿತು. ಅವಳ ಅಳತೆ ಸರಿಯಾಗಿಯೇ ಇತ್ತು. ಭೂಮಿಯ ಅಕ್ಷ ವಾಲಿದೆ, ಅದು ಸೂರ್ಯನ ಸುತ್ತ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಈ ಎರಡು ಕಾರಣಕ್ಕೆ, ಊರಿನ ಆ 23 ನಿಮಿಷ ಬಿಟ್ಟು ನೋಡಿದರೂ, ನೆರಳಿನ ಗಡಿಯಾರ ಗೋಡೆ ಗಡಿಯಾರಕ್ಕಿಂತ ನವೆಂಬರ್ ಆರಂಭದಲ್ಲಿ ಸುಮಾರು 16 ನಿಮಿಷ ಮುಂದಿರುತ್ತದೆ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ಹಿಂದಿರುತ್ತದೆ. ನಮ್ಮ 23ರಿಂದ 16 ಕಳೆದರೆ 7, 23ಕ್ಕೆ 14 ಕೂಡಿಸಿದರೆ 37. ಇದು ಗೊತ್ತಾದ ರಾತ್ರಿ ಊಟದ ತಟ್ಟೆ ಮುಂದೆ ಕೂತು ಮಗಳು ಮತ್ತೆ ಮತ್ತೆ ಆ ಎರಡು ಸಂಖ್ಯೆ ಹೇಳುತ್ತಿದ್ದಳು. ಪುಸ್ತಕದಲ್ಲಿ ಬರೆದದ್ದನ್ನು ನಂಬುವುದು ಒಂದು. ತನ್ನ ಸೀಮೆಸುಣ್ಣದ ಗುರುತು ಸರಿ ಅಂತ ಆಕಾಶವೇ ಒಪ್ಪಿಕೊಂಡದ್ದು ಇನ್ನೊಂದು. ಆ ಮುಖ ನೋಡಿದ ಮೇಲೆ ನನಗೆ ಈ ಕೆಲಸ ಬಿಡಲು ಮನಸ್ಸೇ ಬರಲಿಲ್ಲ.

ನಡುಮಧ್ಯಾಹ್ನದ ನೆರಳಿನ ಉದ್ದದ ಕಥೆಯೂ ಇದೆ. ಡಿಸೆಂಬರ್ 21ರ ಹೊತ್ತಿಗೆ ಒಂದು ಮೀಟರ್ ಕೋಲಿಗೆ 72 ಸೆಂಟಿಮೀಟರ್ ನೆರಳು, ಉತ್ತರಕ್ಕೆ. ಮಾರ್ಚ್ 21ಕ್ಕೆ 22 ಸೆಂಟಿಮೀಟರ್. ಏಪ್ರಿಲ್ 22ರ ಆಸುಪಾಸಿನಲ್ಲಿ ನೆರಳೇ ಇಲ್ಲ, ಕೋಲಿನ ಬುಡದಲ್ಲೇ ಅಡಗಿಹೋಗುತ್ತದೆ. ಜೂನ್‌ನಲ್ಲಿ ಮೋಡದ ನಡುವೆ ಸ್ವಲ್ಪ ಹೊತ್ತು ಬಿಸಿಲು ಸಿಕ್ಕಾಗ ಮಗ ಕಿರುಚಿದ: ನೆರಳು ನೀರಿನ ಟ್ಯಾಂಕಿನ ಕಡೆ, ಅಂದರೆ ದಕ್ಷಿಣಕ್ಕೆ ಬಿದ್ದಿತ್ತು, ಸುಮಾರು 20 ಸೆಂಟಿಮೀಟರ್. ದೆಹಲಿಯಲ್ಲಿ ಹೀಗೆ ಯಾವತ್ತೂ ಆಗುವುದಿಲ್ಲ. ಅಲ್ಲಿ ನಡುಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ.

ದೆಹಲಿಯ ಮಾತು ಬಂದದ್ದು ಯಾಕೆಂದರೆ ನನ್ನ ತಮ್ಮ ಅಲ್ಲಿದ್ದಾನೆ. ಮಾರ್ಚ್ 21ರಂದು “ಮಾವಾ, ನೀನೂ ಒಂದು ಕೋಲು ನಿಲ್ಲಿಸು” ಅಂತ ಮಕ್ಕಳು ಫೋನಿನಲ್ಲಿ ಹಟ ಹಿಡಿದರು. ಅವನ ನೆರಳು 55 ಸೆಂಟಿಮೀಟರ್, ನಮ್ಮದು 22. ಎರಡನ್ನೂ ಅಳತೆಗೆ ತಕ್ಕಂತೆ ಹಾಳೆಯಲ್ಲಿ ಬರೆದು ಕೋನಮಾಪಕದಿಂದ ಅಳೆದರೆ ಕೋಲಿಗೂ ಬಿಸಿಲಿಗೂ ನಡುವಿನ ಕೋನಗಳ ವ್ಯತ್ಯಾಸ ಸುಮಾರು 17 ಡಿಗ್ರಿ. ನಕ್ಷೆಯಲ್ಲಿ ಉತ್ತರ-ದಕ್ಷಿಣದ ದೂರ ಸುಮಾರು 1800 ಕಿಲೋಮೀಟರ್. 17 ಡಿಗ್ರಿಗೆ 1800 ಆದರೆ 360ಕ್ಕೆ ಎಷ್ಟು? 38 ಸಾವಿರ ಚಿಲ್ಲರೆ ಬಂತು. ಧ್ರುವಗಳ ಮೂಲಕ ಅಳೆದ ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರ್. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟಾಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ನಮ್ಮ ತಪ್ಪು ಬಂದದ್ದು ಕೋನಮಾಪಕದಿಂದಲೋ ನಕ್ಷೆಯಿಂದಲೋ ಅಂತ ಮಗಳು ಇನ್ನೂ ವಾದ ಮಾಡುತ್ತಾಳೆ. ಈ ಕೆಲಸದಲ್ಲಿ ಒಂದೇ ಕಟ್ಟುನಿಟ್ಟು: ಎಲ್ಲರ ಕಣ್ಣೂ ನೆಲದ ಮೇಲೆ. ಸೂರ್ಯನನ್ನು ನೇರ ನೋಡುವಂತಿಲ್ಲ.

ಮಳೆಯನ್ನೂ ಅಳೆದೆವು. ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿದೆವು. ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ ಸ್ಕೇಲು ಅಂಟಿಸಿದೆವು. ಗೋಡೆ ನೇರ ಇರುವ ಬಾಟಲಿಯೇ ಆಗಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 60 ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಬಿದ್ದರೆ 1200 ಲೀಟರ್. ಇಷ್ಟು ನೀರು ಚರಂಡಿಗೆ ಹೋಗುತ್ತಿದೆಯಲ್ಲ ಅಂತ ಮಗ ಮನೆ ಮಾಲೀಕರ ಹತ್ತಿರವೂ ಹೋಗಿ ಹೇಳಿ ಬಂದ. ಪಾಠದಲ್ಲಿ ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್. ಮಗಳ ನೋಟ್‌ಬುಕ್‌ನಲ್ಲಿ ಮೇ ಮತ್ತು ಅಕ್ಟೋಬರ್ ತಿಂಗಳ ಮಳೆ ಜುಲೈಗಿಂತ ಜಾಸ್ತಿ ಇತ್ತು. ಮೈಸೂರಿನ ಮಟ್ಟಿಗೆ ಅದು ಸರಿಯೇ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಸುರಿದುಬಿಡುತ್ತವೆ, ನಮಗೆ ಸಿಗುವುದು ತುಂತುರು. ಬೇಸಿಗೆಯ ಗುಡುಗು ಮಳೆ, ಹಿಂಗಾರಿನ ಮಳೆಯೇ ನಮ್ಮ ಪಾಲಿನ ದೊಡ್ಡ ಮಳೆ. ಮಡಿಕೇರಿಯ ನೆಂಟರು ಜುಲೈಯಲ್ಲಿ ಕಳಿಸಿದ ಅಳತೆ ಪಕ್ಕದಲ್ಲಿಟ್ಟರೆ ಘಟ್ಟದ ಕೆಲಸ ಕಣ್ಣಿಗೇ ಕಾಣುತ್ತದೆ.

ಭಾನುವಾರ ಕುಕ್ಕರಹಳ್ಳಿ ಕೆರೆ. ಅಲ್ಲಿ ನೂರು ಹಕ್ಕಿಯ ಹೆಸರು ಕಲಿಸಲು ನಾನು ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಹಕ್ಕಿ. ನೀರುಕಾಗೆ ಮುಳುಗಿ ಎದ್ದ ಮೇಲೆ ಬಂಡೆ ಮೇಲೆ ರೆಕ್ಕೆ ಹರಡಿ ಕೂರುತ್ತದೆ, ಬಾತುಕೋಳಿ ಯಾಕೆ ಹಾಗೆ ಕೂರುವುದಿಲ್ಲ? ನೀರುಕಾಗೆಯ ಗರಿ ಬೇಗ ತೋಯುತ್ತದೆ, ತೋಯ್ದ ಗರಿಯಲ್ಲಿ ಗಾಳಿ ಉಳಿಯುವುದಿಲ್ಲ, ಹಾಗಾಗಿ ಸುಲಭವಾಗಿ ಮುಳುಗಬಹುದು, ಆಮೇಲೆ ಗರಿ ಒಣಗಿಸಿಕೊಳ್ಳಬೇಕು. ಹೆಜ್ಜಾರ್ಲೆಗಳು (ಪೆಲಿಕನ್) ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೇ ಸುತ್ತು ಸುತ್ತಿ ಮೇಲೇರುತ್ತವೆ, ಮುಂಜಾನೆ ಯಾಕಿಲ್ಲ? ಬಿಸಿಲಿಗೆ ಕಾದ ಗಾಳಿ ಮೇಲೇರುತ್ತದೆ, ಹಕ್ಕಿಯನ್ನೂ ಎತ್ತುತ್ತದೆ ಅನ್ನುವ ಉತ್ತರವನ್ನು ಮಗ ಗಾಳಿಪಟದಿಂದ ಹಿಡಿದ. ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಗೆ ನಾವೂ ಹದಿನೈದು ನಿಮಿಷ ಎಣಿಸಿ ಪಟ್ಟಿ ಕಳಿಸುತ್ತೇವೆ. ಮನೆ ಮುಂದಿನ ಹೊಂಗೆ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು ಎಷ್ಟು, ಹೂವು ಎಷ್ಟು, ಕಾಯಿ ಎಷ್ಟು ಅಂತ ಸೀಸನ್‌ವಾಚ್‌ಗೆ ಸೇರಿಸುತ್ತೇವೆ. ಮರಗಳು ಯಾವಾಗ ಚಿಗುರುತ್ತವೆ, ಹೂ ಬಿಡುತ್ತವೆ ಅಂತ ಜನರಿಂದ ಮಾಹಿತಿ ಸೇರಿಸಲು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ನಡೆಸುವ ಕೆಲಸ ಅದು. ನಮ್ಮ ಮಕ್ಕಳ ಅಳತೆ ದೊಡ್ಡವರ ಲೆಕ್ಕದಲ್ಲಿ ಸೇರುತ್ತದೆ ಅಂದಾಗ ಅವರು ಬರೆಯುವ ರೀತಿಯೇ ಬದಲಾಯಿತು. ಸುಳ್ಳು ಬರೆಯಬಾರದು ಅಂತ ನಾನು ಹೇಳಬೇಕಾಗಿ ಬರಲಿಲ್ಲ.

ಪರಿಚಯದವರು ಕೇಳುವ ಮೊದಲ ಪ್ರಶ್ನೆ ಮಾರ್ಕ್ಸ್ ಬಗ್ಗೆ. ಅದಕ್ಕೂ ಇದಕ್ಕೂ ನೇರ ಸಂಬಂಧ ನಾನು ಕಂಡಿಲ್ಲ. ಪಾಠದ ಪ್ರಶ್ನೋತ್ತರ ಬೇರೆ ಕೂತು ಓದಲೇಬೇಕು. ಎರಡನೆಯದು, ನಮಗೇ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡುವುದು? ನನಗೆ ಗೊತ್ತಿಲ್ಲದೇ ಇದ್ದದ್ದರಿಂದಲೇ ಮಕ್ಕಳು ನನ್ನ ಜೊತೆ ಹುಡುಕಿದರು. ಉತ್ತರ ಗೊತ್ತಿದ್ದರೂ ನಾನೀಗ ಒಂದು ವಾರ ಬಾಯಿ ಬಿಡುವುದಿಲ್ಲ, ಅದು ಕಷ್ಟ. ಫೋನಿನಲ್ಲಿ ಫೋಟೋ ತೆಗೆದರೆ ಕ್ಷಣದಲ್ಲಿ ಹೆಸರು ಬರುವ ಆ್ಯಪ್‌ಗಳಿವೆ. ಚಿತ್ರ ಬರೆದು, ಅಳತೆ ಮಾಡಿ, ಒಂದು ಊಹೆ ಬರೆದ ಮೇಲೆ ಮಾತ್ರ ಫೋನ್ ಕೈಗೆ ಕೊಡುತ್ತೇನೆ. ಖರ್ಚು ಅಂದರೆ ಒಂದು ಭೂತಗನ್ನಡಿ, ಒಂದು ಟೇಪು, ಗ್ರಾಫ್ ಹಾಳೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಧಾರಾಳ ಸಾಕು.

ಈಗ ನಡೆಯುತ್ತಿರುವುದು ಮಗನ ಪ್ರಯೋಗ. ಕರಿಬೇವಿನ ಹುಳುವಿನ ಪ್ಯೂಪಾ ಕೆಲವು ಸಲ ಹಸಿರು, ಕೆಲವು ಸಲ ಕಂದು. ಹಸಿರು ಕಡ್ಡಿಗೆ ಅಂಟಿದರೆ ಹಸಿರು, ಒಣ ಕಡ್ಡಿಗೆ ಅಂಟಿದರೆ ಕಂದು ಅಂತ ಅವನ ಬಲಗಡೆಯ ಕಾಲಂ ಹೇಳುತ್ತದೆ. ಎರಡು ಡಬ್ಬಿ ಮಾಡಿದ್ದಾನೆ. ಒಂದರಲ್ಲಿ ಎಳೆ ಹಸಿರು ರೆಂಬೆ, ಇನ್ನೊಂದರಲ್ಲಿ ಪೊರಕೆಯ ಒಣ ಕಡ್ಡಿ. ಹಸಿರು ಡಬ್ಬಿಯಲ್ಲಿ ಇಲ್ಲಿಯವರೆಗೆ ಆದದ್ದೆಲ್ಲಾ ಹಸಿರೇ. ಒಣ ಕಡ್ಡಿಯ ಡಬ್ಬಿಯಲ್ಲಿ ಎರಡು ಕಂದು, ಒಂದು ಹಸಿರು. ಆ ಒಂದು ಹಸಿರು ಯಾಕೆ ಅಂತ ಅಕ್ಕ ತಮ್ಮನ ನಡುವೆ ಜಗಳ. ಕಡ್ಡಿ ನುಣುಪಾಗಿದ್ದರೆ ಲೆಕ್ಕ ಬೇರೆಯಾ, ಡಬ್ಬಿಯೊಳಗೆ ಬೆಳಕು ಕಡಿಮೆಯಿತ್ತಾ, ಹುಳು ಕೊನೆಗೆ ತಿಂದ ಎಲೆ ಎಳೆಯದಾ ಬಲಿತದ್ದಾ? ಮೂರು ಪ್ರಶ್ನೆಗೆ ಮೂರು ಜೊತೆ ಡಬ್ಬಿ ಬೇಕು ಅಂತ ಮಗಳು ಪಟ್ಟಿ ಮಾಡಿದ್ದಾಳೆ. ಅಡುಗೆಮನೆಯ ಡಬ್ಬಿಗಳಲ್ಲಿ ಯಾವುದನ್ನು ಕೊಡಬಹುದು ಅಂತ ಅತ್ತೆ ಮೊನ್ನೆಯಿಂದ ಆರಿಸುತ್ತಿದ್ದಾರೆ.